ರಜೆ ಕಾಲದ ಕಾಫಿ, ಒಂದು ಹುಳುಕು ಹಲ್ಲು

ಮೊದಲ ಗುಟುಕು ನಾಲಿಗೆ ದಾಟಿ ಎಡಗಡೆಯ ದವಡೆಗೆ ತಗುಲಿತು. ಅವಳ ಒಂದು ಕಣ್ಣು ತಾನಾಗಿ ಮುಚ್ಚಿಕೊಂಡಿತು. ಮೂಗು ಸುಕ್ಕುಗಟ್ಟಿತು. ಹುಬ್ಬು ಎಲ್ಲಿಗೋ ಏರಿ ಅಲ್ಲೇ ನಿಂತಿತು.

ಕೌಂಟರಿನ ಆಚೆ ನಿಂತಿದ್ದವನು ಅಷ್ಟನ್ನೂ ನೋಡಿದ.

"ಚೆನ್ನಾಗಿಲ್ವಾ?"

"ಚೆನ್ನಾಗಿದೆ," ಎಂದಳು. "ತುಂಬಾ ಚೆನ್ನಾಗಿದೆ."

"ಇದು ಚೆನ್ನಾಗಿದೆ ಅನ್ನೋ ಮುಖಾನಾ ಮೇಡಂ?"

"ನನ್ನ ಮುಖ ಇರೋದೇ ಹೀಗೆ."

"ಒಳಗೆ ಬಂದಾಗ ಹೀಗಿರಲಿಲ್ಲ," ಎಂದ ಅವನು, ಬಹಳ ಗಂಭೀರವಾಗಿ. "ಒಳಗೆ ಬಂದಾಗ ಚೆನ್ನಾಗಿತ್ತು."

ಇದು ಹೊಗಳಿಕೆಯೋ ದೂರೋ ಅವಳಿಗೆ ತಿಳಿಯಲಿಲ್ಲ. ಇನ್ನೊಂದು ಗುಟುಕು ಕುಡಿದಳು. ಮುಖ ಮತ್ತೆ ಹಾಗೇ ಆಯಿತು. ಅವನು ಕಪ್ಪನ್ನು ಅವಳ ಕೈಯಿಂದ ಮೆಲ್ಲಗೆ ತೆಗೆದುಕೊಂಡು ಸಿಂಕಿಗೆ ಸುರಿದುಬಿಟ್ಟ.

ಅವಳು ಕೆಲಸ ಮಾಡುತ್ತಿದ್ದುದು ಒಂದು ದಿನಪತ್ರಿಕೆಯ ಭಾನುವಾರದ ಪುರವಣಿಯಲ್ಲಿ. ವರ್ಷದ ಕೊನೆಯ ರಜೆಗಳು ಹತ್ತಿರ ಬಂದವೆಂದರೆ ಊರಿನ ಕಾಫಿ ಅಂಗಡಿಗಳಿಗೆ ಹುರುಪು ಬಂದುಬಿಡುತ್ತಿತ್ತು. ಆ ಕೆಲವೇ ವಾರಗಳಿಗೆಂದು ಹೊಸ ಹೊಸ ಕಾಫಿ ಹುಟ್ಟುತ್ತಿದ್ದವು, ಬಾಗಿಲುಗಳಿಗೆ ಬಣ್ಣದ ಬಲ್ಬು ಏರುತ್ತಿದ್ದವು. ರಜೆ ಮುಗಿಯಿತೋ, ಬಲ್ಬೂ ಇಲ್ಲ, ಕಾಫಿಯೂ ಇಲ್ಲ. ಯಾವ ಬೀದಿಯಲ್ಲಿ ಯಾವುದು ಸಿಗುತ್ತದೆ, ಯಾವುದಕ್ಕೆ ಚಳಿಯಲ್ಲಿ ಸಾಲು ನಿಲ್ಲಬಹುದು, ಯಾವುದು ಬರೀ ಸಕ್ಕರೆ ನೀರು ಎಂದು ಓದುಗರಿಗೆ ಹೇಳುವ ಪುಟ ಪ್ರತಿ ವರ್ಷ ಅವಳದು. ಇಡೀ ವರ್ಷದಲ್ಲಿ ಅವಳು ಕಾದು ಕುಳಿತು ಬರೆಯುತ್ತಿದ್ದ ಪುಟವೂ ಅದೊಂದೇ.

ಈ ವರ್ಷ ಮಾತ್ರ ಎಡಗಡೆಯ ಕೊನೆಯ ಹಲ್ಲು ಹುಳುಕಾಗಿತ್ತು. ಬಿಸಿ ತಾಕಿದರೆ ಒಂದು ಏಟು, ಸಿಹಿ ತಾಕಿದರೆ ಇನ್ನೊಂದು. ಎರಡೂ ಒಟ್ಟಿಗೆ ತಾಕಿದರೆ ಕಿವಿಯವರೆಗೆ ಕರೆಂಟು ಹೊಡೆದ ಹಾಗೆ.

ಕಾಫಿಯ ರುಚಿ ಬರೆಯುವವಳೇ ಹಲ್ಲುನೋವು ಎಂದರೆ ನಂಬುವವರು ಯಾರು? ಗೊತ್ತಾದರೆ ಸಂಪಾದಕಿ ಆ ಪುಟವನ್ನು ಎತ್ತಿ ಕ್ರೀಡಾ ವಿಭಾಗದವನಿಗೆ ಕೊಟ್ಟುಬಿಡುತ್ತಿದ್ದರು. ಅವನಿಗೆ ಕಾಫಿಯಲ್ಲಿ ಇರುವುದೇ ಎರಡು ಜಾತಿ, ಬಿಸಿ ಮತ್ತು ಆರಿದ್ದು. ಹಲ್ಲು ಕೀಳಿಸೋಣವೆಂದರೆ ಹಲ್ಲಿನ ಡಾಕ್ಟರು ಮನೆಯಲ್ಲೇ ಇದ್ದರು, ಅಕ್ಕನ ಗಂಡ. ಬಾವ ಬಹಳ ಒಳ್ಳೆಯವರು. ಆದರೆ ಅವರ ಕುರ್ಚಿಯ ಮೇಲಿನ ದೀಪ ಉರಿಯಿತೆಂದರೆ ಅವಳ ಜೀವ ಬಾಯಿಗೆ ಬರುತ್ತಿತ್ತು. ಹಾಗಾಗಿ ಹಲ್ಲಿನ ಸಂದಿಗೆ ಲವಂಗ ಒತ್ತಿಕೊಂಡು, ಬಾವನ ಫೋನು ಎತ್ತದೆ, ಅಂಗಡಿಯಿಂದ ಅಂಗಡಿಗೆ ಅಲೆಯುತ್ತಿದ್ದಳು.

ರೈಲು ನಿಲ್ದಾಣದ ಅಂಗಡಿಯಲ್ಲಿ ಪುದೀನಾ ಚಾಕೊಲೇಟ್ ಕಾಫಿ ಇತ್ತು. ಕುಡಿದವರ ಉಸಿರು ಸಂಜೆಯವರೆಗೂ ತಣ್ಣಗಿರುತ್ತಿತ್ತು. ಪುಸ್ತಕದಂಗಡಿಯ ಮಹಡಿಯಲ್ಲಿ ಹಸಿ ಶುಂಠಿ ಜಜ್ಜಿ ಹಾಕಿ ಮೂಗು ಬಿಚ್ಚಿಸುತ್ತಿದ್ದರು. ದೊಡ್ಡ ಹೋಟೆಲಿನ ಲಾಬಿಯಲ್ಲಿ ಕೆನೆಯ ಟೋಪಿ, ಅದರ ಮೇಲೆ ತುರಿದ ಜಾಯಿಕಾಯಿ. ಕುಡಿಯಬೇಕಾದರೆ ಮೂಗಿನ ತುದಿ ಬೆಳ್ಳಗಾಗಲೇಬೇಕು. ನದಿ ದಂಡೆಯ ಗಾಡಿಯಲ್ಲಿ ಹುರಿದ ಬಾದಾಮಿಯ ಕಾಫಿ, ಅದು ಬೇಕಾದವರು ಕತ್ತಲಾಗುವ ಮೊದಲೇ ಹೋಗಬೇಕು. ಎಲ್ಲವನ್ನೂ ತಲೆ ಬಲಕ್ಕೆ ವಾಲಿಸಿ, ಬಲಗೆನ್ನೆಯಲ್ಲಿ ಮಾತ್ರ ಹಿಡಿದು, ನೋವಾದಾಗ ಕಿಟಕಿಯ ಕಡೆ ತಿರುಗಿ ಕುಡಿದು ಬಂದಳು.

ಆದರೆ ಆ ಹಿತ್ತಲ ಬೀದಿಯ ಚಿಕ್ಕ ಅಂಗಡಿಯ ಕಾಫಿ, ಕಿತ್ತಳೆ ಸಿಪ್ಪೆಯದು, ಅವನು ಸಿಂಕಿಗೆ ಸುರಿದದ್ದು, ತಲೆಯಿಂದ ಹೋಗಲಿಲ್ಲ. ನೋವಿನ ನಡುವೆಯೂ ಅದರಲ್ಲಿ ಏನೋ ಒಂದು ಇತ್ತು. ಅದೇನೆಂದು ನೋಡಲೇಬೇಕೆಂದು ಮತ್ತೆ ಹೋದಳು.

"ಮೊನ್ನೆಯದೇ ಕೊಡಿ."

"ಮೊನ್ನೆಯದು ತೆಗೆದುಹಾಕಿದೆ."

"ಯಾಕೆ?"

"ನಿಮಗೆ ಇಷ್ಟ ಆಗಲಿಲ್ಲವಲ್ಲ."

"ಇಷ್ಟ ಆಯ್ತು ಅಂದ್ನಲ್ಲಾ!"

"ಬಾಯಲ್ಲಿ ಅಂದ್ರಿ," ಎಂದು ಅವನು ಹೊಸ ಕಪ್ಪು ಮುಂದಿಟ್ಟ. ಅಂಜೂರ ಮತ್ತು ಜೇನು. ಅವಳು ತಲೆ ವಾಲಿಸಿ, ಎಷ್ಟೋ ಎಚ್ಚರಿಕೆಯಿಂದ ಕುಡಿದಳು. ಜೇನು ಹಲ್ಲಿಗೆ ಹೋಗಿ ಅಂಟಿಕೊಂಡಿತು. ಒಂದು ಕಣ್ಣು ಮುಚ್ಚಿತು. ಅವನು ನಿಟ್ಟುಸಿರು ಬಿಟ್ಟು ಕೈಚಾಚಿದ.

"ಸುರಿಯಬೇಡಿ!" ಎಂದು ಅವಳು ಕಪ್ಪನ್ನು ಎದೆಗವಚಿಕೊಂಡಳು. "ಇದನ್ನ ನಾನು ಕುಡಿದು ಮುಗಿಸ್ತೀನಿ."

"ಕಷ್ಟಪಟ್ಟು ಕುಡೀಬೇಡಿ ಮೇಡಂ."

"ಕಷ್ಟ ಏನಿಲ್ಲ," ಎಂದಳು, ಕಣ್ಣಲ್ಲಿ ನೀರು ತುಂಬಿಕೊಂಡು.

ಅಂಗಡಿ ಅವನದಲ್ಲ, ಅವನ ಸೋದರಮಾವನದು. ಮಾವ ಮೊಣಕಾಲಿನ ಆಪರೇಷನ್ ಆಗಿ ಮಹಡಿಯ ಕೋಣೆಯಲ್ಲಿ ಮಲಗಿದ್ದರು. ಕೆಳಗಿನಿಂದ ಹೊಸ ವಾಸನೆ ಬಂದ ಕೂಡಲೇ ನೆಲಕ್ಕೆ ಕೋಲು ಕುಟ್ಟಿ, "ಏನೋ ಅದು? ಇವತ್ತೇನು ಹಾಕಿದ್ಯೋ ನನ್ನ ಕಾಫಿಗೆ?" ಎಂದು ಕೂಗುತ್ತಿದ್ದರು. ಅವನು ಪ್ರಯಾಣಿಕರ ಹಡಗೊಂದರಲ್ಲಿ ಅಡುಗೆ ಮಾಡುವವನು. ರಜೆಯ ಮೇಲೆ ಬಂದು ಮಾವನ ಜಾಗದಲ್ಲಿ ನಿಂತಿದ್ದ. ಇದನ್ನೆಲ್ಲ ಅವಳು ಕೇಳಿ ತಿಳಿದದ್ದು ಪುಟಕ್ಕೆ ಬೇಕೆಂದು. ಪುಟದಲ್ಲಿ ಒಂದೊಂದು ಅಂಗಡಿಗೆ ಇದ್ದದ್ದು ನಾಲ್ಕೇ ಸಾಲಿನ ಜಾಗ.

"ಬರೆಯೋದಕ್ಕೆ ಇಷ್ಟು ಸಲ ಬರಬೇಕಾ?" ಎಂದು ಒಂದು ಸಂಜೆ ಅವನು ಕೇಳಿದ.

"ನಮ್ಮಲ್ಲಿ ಅದೇ ಪದ್ಧತಿ."

"ಬೇರೆ ಅಂಗಡಿಗೂ ಹೀಗೇ ದಿನಾ ಹೋಗ್ತೀರಾ?"

"ಹೋಗ್ತೀನಿ," ಎಂದಳು ಕಪ್ಪಿನೊಳಗೆ ನೋಡುತ್ತ.

ಅವನು ಕೌಂಟರಿನ ಮೇಲೆ ಎರಡೂ ಮೊಣಕೈ ಊರಿ ಅವಳ ಮುಖವನ್ನೇ ನೋಡಿದ. ಅವನ ಕಣ್ಣಿನ ಅಂಚಿನಲ್ಲಿ ನಗು ಬರುವ ಮೊದಲು ಒಂದು ಸಣ್ಣ ಗೆರೆ ಮೂಡುತ್ತಿತ್ತು. ಆ ಗೆರೆ ಕಂಡರೆ ಅವಳಿಗೆ ತನ್ನ ಕೈ ಎಲ್ಲಿಡಬೇಕೋ ತಿಳಿಯುತ್ತಿರಲಿಲ್ಲ. ಗಾಬರಿಯಲ್ಲಿ ಎಡಗಡೆಯಿಂದಲೇ ಕುಡಿದುಬಿಟ್ಟಳು. ಒಂದು ಕಣ್ಣು ಮುಚ್ಚಿತು. ಅವನ ಕಿವಿ ಕೆಂಪಾದವು. ಕಿವಿ ಯಾಕೆ ಕೆಂಪಾಗಬೇಕೋ ಅವಳಿಗೆ ಅರ್ಥವಾಗಲಿಲ್ಲ.

ಮರುದಿನ ಅವನು ಬಹಳ ಉತ್ಸಾಹದಿಂದ ಕಪ್ಪು ತಂದಿಟ್ಟ. "ಇದು ಖಂಡಿತ ಇಷ್ಟ ಆಗತ್ತೆ. ಪೂರಾ ಲವಂಗ."

ಅವಳಿಗೆ ಲವಂಗದ ಹೆಸರೇ ಸಾಕಾಗಿತ್ತು. "ಲವಂಗ ಯಾಕೆ?"

"ನೀವು ಹತ್ತಿರ ಬಂದ್ರೆ ಲವಂಗದ ವಾಸನೆ. ಇಷ್ಟ ಇರಬೇಕು ಅಂದ್ಕೊಂಡೆ." ಹೇಳಿದ ಮೇಲೆ ಹೇಳಬಾರದಿತ್ತು ಅನ್ನಿಸಿತೇನೋ, ಬಟ್ಟೆ ತೆಗೆದುಕೊಂಡು ಒರೆಸಿದ ಜಾಗವನ್ನೇ ಮತ್ತೆ ಒರೆಸತೊಡಗಿದ.

ಅವಳು ಅಷ್ಟನ್ನೂ ಕುಡಿದಳು. ಬೀದಿಗೆ ಬಂದ ಮೇಲೆ ದೀಪದ ಕಂಬ ಹಿಡಿದು ನಿಂತುಕೊಂಡಳು. ನಾನು ಇಲ್ಲಿಗೆ ಬರುವುದು ಪುಟಕ್ಕಾಗಿಯೋ, ಕಾಫಿಗಾಗಿಯೋ? ಕಾಫಿಗಾಗಿ ಎಂದರೆ ಅದು ಕುಡಿದಾಗಲೆಲ್ಲ ಅಳು ಬರುತ್ತದೆ. ಅವನಿಗೆ ನಾನು ಬರುವುದು ಬೇಕೋ ಬೇಡವೋ? ಬೇಕು ಎಂದರೆ ಇಷ್ಟವಾದ ಕಾಫಿಯನ್ನೆಲ್ಲ ಯಾಕೆ ತೆಗೆದುಹಾಕುತ್ತಾನೆ?

"ರಜೆ ಮುಗಿದ ಕೂಡಲೇ ಹಡಗು ಹೊರಡತ್ತೆ," ಎಂದು ಅವನು ಇನ್ನೊಂದು ದಿನ ಹೇಳಿದ. "ಬರ್ತೀಯಾ ಇಲ್ವಾ ಅಂತ ಕೇಳ್ತಿದ್ದಾರೆ."

"ಏನಂದ್ರಿ?"

"ಇನ್ನೂ ಏನೂ ಅಂದಿಲ್ಲ. ನೀವೇನಂತೀರಿ?"

ಅವಳ ಎದೆ ಒಮ್ಮೆ ಹಾರಿತು. ಹಾರಿದ್ದು ಕಾಣಬಾರದೆಂದು, "ನಾನ್ಯಾರು ಹೇಳೋದಕ್ಕೆ?" ಎಂದುಬಿಟ್ಟಳು.

ಅವನು "ಅದೂ ಸರೀನೇ" ಎಂದು ತಲೆ ತಗ್ಗಿಸಿ ಹಾಲು ಕಾಯಿಸಲು ಹೋದ.

ಬಾವ ಅವಳನ್ನು ಹಿಡಿದದ್ದು ಶುಕ್ರವಾರ. ಫೋನಿಗೆ ಸಿಗದ ನಾದಿನಿ ಯಾವ ಅಂಗಡಿಯಲ್ಲಿ ಸಿಗುತ್ತಾಳೆಂದು ಅಕ್ಕ ಪತ್ತೆ ಮಾಡಿ ಕಳಿಸಿದ್ದಳು. ಸೂಟು ಹಾಕಿಕೊಂಡು, ಕ್ಲಿನಿಕ್ಕಿನಿಂದ ನೇರವಾಗಿ ಬಂದವರು, ಕಿಟಕಿಯ ಪಕ್ಕದ ಮೇಜಿನಲ್ಲಿ ಅವಳ ಎದುರು ಕುಳಿತರು.

"ಎಷ್ಟು ದಿನ ಅಂತ ತಪ್ಪಿಸ್ಕೊಂಡು ಓಡಾಡ್ತೀಯಾ ಪುಟ್ಟಿ? ಇಲ್ಲಿ ನೋಡು, ನನ್ನ ಕಡೆ." ಅವಳ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದರು. ಬಹಳ ಹೊತ್ತು, ಬಹಳ ಹತ್ತಿರದಿಂದ ನೋಡಿದರು. "ಇನ್ನು ನಾನು ಬಿಡಲ್ಲ. ಭಾನುವಾರಕ್ಕೆ ಗಟ್ಟಿ ಮಾಡಿದ್ದೀನಿ. ನಿನ್ನಕ್ಕನೂ ಒಪ್ಪಿದ್ದಾಳೆ. ಬೇರೆ ಯಾರೂ ಇರಲ್ಲ, ನಾವು ನಾವೇ."

"ನನಗೆ ಭಯ ಆಗತ್ತೆ."

"ಮೊದಲು ಎಲ್ಲರಿಗೂ ಹಾಗೇ. ಕಣ್ಣು ಮುಚ್ಚಿ ತೆರೆಯೋದ್ರೊಳಗೆ ಆಗಿಹೋಗತ್ತೆ. ಆಮೇಲೆ ಜನ್ಮಪೂರ್ತಿ ನೆಮ್ಮದಿ."

"ಆಯ್ತು," ಎಂದು ಅವಳು ಸೋತು ಹೇಳಿದಳು. "ಭಾನುವಾರ."

ಬಾವ ಅವಳ ಕೆನ್ನೆ ತಟ್ಟಿ, ಗಡಿಯಾರ ನೋಡಿಕೊಂಡು ಹೊರಟುಹೋದರು. ಆಗಲೇ ಅವಳಿಗೆ ಕಂಡದ್ದು, ಕಾಫಿ ಹಿಡಿದವನು ಅವರ ಬೆನ್ನ ಹಿಂದೆಯೇ ನಿಂತಿದ್ದಾನೆಂದು. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಕಪ್ಪನ್ನು ತಟ್ಟೆಯ ಸಮೇತ ಅವಳ ಮುಂದಿಟ್ಟ.

ಹಲ್ಲಿನ ವಿಷಯ ಇವನಿಗೂ ತಿಳಿದುಹೋಯಿತಲ್ಲ ಎಂದು ನಾಚಿಕೆಯಿಂದ ಅವಳು ಕಪ್ಪೆತ್ತಿದಳು. ಕಿತ್ತಳೆಯಿಲ್ಲ, ಅಂಜೂರವಿಲ್ಲ, ಸಕ್ಕರೆಯೂ ಇಲ್ಲ. ನಿಂತು ನಿಂತು ಉಗುರು ಬೆಚ್ಚಗಾಗಿತ್ತು. ಹಲ್ಲು ಮೊದಲ ಸಲ ಸುಮ್ಮನಿತ್ತು. ಎಷ್ಟೋ ದಿನಗಳ ಮೇಲೆ ನೋವಿಲ್ಲದ ಒಂದು ಗುಟುಕು!

"ಅಬ್ಬಾ!" ಎಂದಳು ಮನಸಾರೆ. "ಇವತ್ತಿನದು ಎಷ್ಟು ಚೆನ್ನಾಗಿದೆ!"

ಅವನ ಮುಖದಲ್ಲಿದ್ದ ರಕ್ತವೆಲ್ಲ ಇಳಿದುಹೋಯಿತು. "ಇದು ಬರೀ ಕಾಫಿ. ನಾನು ಇದಕ್ಕೆ ಏನೂ ಹಾಕಿಲ್ಲ."

"ಅದಕ್ಕೇ ಇರಬೇಕು."

"ಹೌದಾ." ಅವನು ಖಾಲಿ ತಟ್ಟೆಯನ್ನು ಸುಮ್ಮನೆ ತಿರುಗಿಸಿದ. "ಭಾನುವಾರಕ್ಕೆ... ಒಳ್ಳೇದಾಗಲಿ."

"ಥ್ಯಾಂಕ್ಸ್. ಸ್ವಲ್ಪ ಭಯ ಇದೆ."

"ಒಳ್ಳೆಯವರ ಹಾಗೆ ಕಾಣ್ತಾರೆ ಅವರು."

"ತುಂಬಾ ಒಳ್ಳೆಯವರು. ಕೈ ಸ್ವಲ್ಪ ಒರಟು, ಅಷ್ಟೇ."

ಅವನು ಬೆಚ್ಚಿಬಿದ್ದ. "ಒರಟಾ? ಗೊತ್ತಿದ್ದೂ ಒಪ್ಪಿದ್ರಾ?"

"ಇನ್ನೇನು ಮಾಡಲಿ? ಎಷ್ಟು ದಿನ ಅಂತ ತಪ್ಪಿಸ್ಕೊಳ್ಳೋದು? ನೋವಾದ್ರೆ ತಡ್ಕೋಬೇಕು."

ಅವನು ಏನನ್ನೋ ಹೇಳಲು ಬಾಯಿ ತೆರೆದ. ಮೇಲಿನಿಂದ ಕೋಲು ಕುಟ್ಟಿದ ಸದ್ದು ಬಂತು. "ಏನೋ, ಇವತ್ತು ಏನೂ ವಾಸನೇನೇ ಇಲ್ಲ?" ಅವನು ಬಾಯಿ ಮುಚ್ಚಿಕೊಂಡ. ಅವಳು ಹೊರಡುವಾಗ ಮಾತ್ರ, ಬೇರೆ ಯಾರಿಗೋ ಹೇಳುವ ಹಾಗೆ ಹೇಳಿದ: "ಹಡಗಿಗೆ ಬರ್ತೀನಿ ಅಂತ ಇವತ್ತೇ ತಿಳಿಸಿಬಿಡ್ತೀನಿ."

ಅಂದು ಸಂಜೆ ಅಕ್ಕನ ಅಡುಗೆಮನೆಯಲ್ಲಿ ಅವಳು ಬಟಾಣಿ ಬಿಡಿಸಲು ಕುಳಿತು, ಸಿಪ್ಪೆಯನ್ನು ಪಾತ್ರೆಗೂ ಕಾಳನ್ನು ಕಸದ ಬುಟ್ಟಿಗೂ ಹಾಕುತ್ತಿದ್ದಳು.

"ಅಕ್ಕಾ, ಹಲ್ಲುನೋವು ಎದೆಗೂ ಇಳಿಯತ್ತಾ?"

"ನಿನ್ನ ಬಾವನ್ನ ಕೇಳು."

"ಬಾವ ಹಲ್ಲಿಗೆ ಮಾತ್ರ ಡಾಕ್ಟರು."

ಅಕ್ಕ ಒಲೆ ಸಣ್ಣ ಮಾಡಿ ತಿರುಗಿದಳು. ಪಾತ್ರೆ ನೋಡಿದಳು, ಬುಟ್ಟಿ ನೋಡಿದಳು. "ಯಾರೇ ಅವನು?"

"ಯಾರೂ ಇಲ್ಲ. ಕಾಫಿ ಮಾಡ್ತಾನೆ. ಹಡಗಿಗೆ ಹೋಗ್ತಾನಂತೆ. ಹೋದ್ರೆ ನನಗೇನು?"

"ಅದೇ ತಾನೆ, ನಿನಗೇನು?"

"ಏನೂ ಇಲ್ಲ," ಎಂದು ಹೇಳಿ ಅವಳು ಜೋರಾಗಿ ಅತ್ತುಬಿಟ್ಟಳು. ಅಕ್ಕ ಬುಟ್ಟಿಯಿಂದ ಬಟಾಣಿ ಆರಿಸುತ್ತ, "ಅಳು, ಅಳು. ಹಲ್ಲು ಕಿತ್ತ ಮೇಲೆ ಅಳೋಕೂ ಬಾಯಿ ಬರಲ್ಲ," ಎಂದಳು.

ಅಂದೇ ಪುಟ ಮುಗಿಸಬೇಕಿತ್ತು. ನಿಲ್ದಾಣದ ಪುದೀನಾ, ಮಹಡಿಯ ಶುಂಠಿ, ಲಾಬಿಯ ಕೆನೆ, ನದಿ ದಂಡೆಯ ಬಾದಾಮಿ, ಎಲ್ಲವೂ ಸಲೀಸಾಗಿ ಬಂದವು. ಅವನ ಅಂಗಡಿಗೆ ಬಂದಾಗ ಕೈ ನಿಂತಿತು. ಯಾವ ಕಾಫಿಯನ್ನು ಬರೆಯುವುದು? ಒಂದೂ ಉಳಿದಿರಲಿಲ್ಲ. ಕೊನೆಗೆ ನಿಜವನ್ನೇ ಬರೆದಳು: "ಹಿತ್ತಲ ಬೀದಿಯ ಚಿಕ್ಕ ಅಂಗಡಿಯಲ್ಲಿ ಏನು ಸಿಗುತ್ತದೆಂದು ಹೇಳಲಾರೆ. ನಾನು ಹೋದಾಗಲೆಲ್ಲ ಬೇರೆಯೇ ಕಾಫಿ ಸಿಕ್ಕಿತು. ಒಂದೊಂದೂ ಕಣ್ಣಲ್ಲಿ ನೀರು ತರಿಸಿತು. ಈ ರಜೆಯಲ್ಲಿ ಒಂದೇ ಕಡೆ ಹೋಗುವುದಾದರೆ ಅಲ್ಲಿಗೆ ಹೋಗಿ."

ಭಾನುವಾರ ಬೆಳಿಗ್ಗೆ ಬಾವ ಕ್ಲಿನಿಕ್ಕನ್ನು ಅವಳಿಗೆಂದೇ ತೆರೆದರು. ಹೇಳಿದ ಹಾಗೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಆಗಲಿಲ್ಲ. ಹಲ್ಲು ಹಟಮಾರಿ, ಬಾವನ ಹಣೆಯಲ್ಲಿ ಬೆವರು ಬಂತು. ಆದರೂ ಕೊನೆಗೆ ಹಲ್ಲು ಕಿತ್ತುಬಂತು. ಇಂಜೆಕ್ಷನ್ನಿಗೆ ಅರ್ಧ ಮುಖ ಮರಗಟ್ಟಿ, ಅವಳಿಗೆ ತುಟಿಗೆ ತುಟಿ ಸೇರಿಸಲು ಆಗುತ್ತಿರಲಿಲ್ಲ. ದವಡೆಯಲ್ಲಿ ಹತ್ತಿ. "ಮನೆಗೆ ಹೋಗಿ ಮಲಗು, ಮಾತಾಡಬೇಡ," ಎಂದರು ಬಾವ.

ಅವಳು ನೇರವಾಗಿ ಹಿತ್ತಲ ಬೀದಿಗೆ ಹೋದಳು.

ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಪುಟ ಓದಿದವರೆಲ್ಲ ಬಂದಿದ್ದರು. "ನನಗೆ ಬೇರೆಯದು ಕೊಡಿ," "ಅವರಿಗೆ ಕೊಟ್ಟಿದ್ದು ಬೇಡ," "ನನಗೆ ಕಣ್ಣೀರು ಬರಲೇ ಇಲ್ಲವಲ್ಲ," ಎಂದು ಒಬ್ಬೊಬ್ಬರದು ಒಂದೊಂದು. ಅವನು ತಲೆ ಕೆದರಿಕೊಂಡು, ಏಪ್ರನ್ನಿನ ಮೇಲೆಲ್ಲ ಹಾಲು ಚೆಲ್ಲಿಕೊಂಡು ಮೆಷಿನ್ನಿನ ಮುಂದೆ ನಿಂತಿದ್ದ. ಅವಳನ್ನು ಕಂಡ ಕೂಡಲೇ, "ಇದೇನು ಮೇಡಂ ಹೀಗೆ ಬರೆದು..." ಎಂದು ಶುರು ಮಾಡಿದವನು ಅರ್ಧಕ್ಕೇ ನಿಲ್ಲಿಸಿದ. ಊದಿದ ಕೆನ್ನೆ. ತುಟಿಯಂಚಿನಲ್ಲಿ ಒಂದು ಸಣ್ಣ ರಕ್ತದ ಕಲೆ.

"ಹೊಡೆದನಾ?" ಅವನ ದನಿಯೇ ಬದಲಾಗಿತ್ತು. "ಮೊದಲ ದಿನವೇ? ಎಲ್ಲಿದ್ದಾನೆ ಅವನು?"

"ಯಾರು?" ಎಂದಳು ಅವಳು ದಿಕ್ಕು ತೋಚದೆ.

"ನಿಮ್ಮ ಗಂಡ!" ಅವನು ಏಪ್ರನ್ ಬಿಚ್ಚುತ್ತಿದ್ದ.

ಗಂಡ! ಅವಳಿಗೆ ಕಿಟಕಿಯ ಪಕ್ಕದ ಮೇಜು, ಬಾವನ ಕೈ, ಭಾನುವಾರಕ್ಕೆ ಗಟ್ಟಿ, ನಾವು ನಾವೇ, ಎಲ್ಲ ಒಟ್ಟಿಗೆ ಕಿವಿಯಲ್ಲಿ ಕೇಳಿಸಿತು. "ಗಂಡ ಅಲ್ಲ!" ಎಂದು ಕೂಗಿದಳು. "ಅವರು ನನ್ನ ಹಾವ!"

"ಏನು?"

"ಹಾವ! ಹಾವ!"

"ಹಾವಂತೆ!" ಎಂದು ಪಕ್ಕದ ಮೇಜಿನ ಹೆಂಗಸು ಎರಡೂ ಕಾಲು ಎತ್ತಿಕೊಂಡಳು. "ಎಲ್ಲಿ? ಎಲ್ಲಿ?" ಅಂಗಡಿಯೇ ಎದ್ದಿತು. ಒಬ್ಬ ಮುದುಕ ಯಾರೂ ಊಹಿಸದ ಚುರುಕಿನಿಂದ ಕುರ್ಚಿಯ ಮೇಲೇರಿ ನಿಂತ. ಕಪ್ಪುಗಳು ಉರುಳಿದವು. ಕೌಂಟರಿನವನು ಪೊರಕೆ ಹಿಡಿದುಕೊಂಡು ಅವಳಿಗೂ ಬಾಗಿಲಿಗೂ ನಡುವೆ ಬಂದು ನಿಂತ.

ಅವಳು ಕೆನ್ನೆ ತೋರಿಸಿ, "ಹಾವ... ಹಲ್ಲು ಕಿತ್ರು," ಎಂದಳು.

"ಹಾವಿನ ಹಲ್ಲು ಕಿತ್ತಾಗಿದೆಯಾ? ಯಾರು ಕಿತ್ರು?"

"ಬಾಗಿಲು ತೆಗೆದಿಡೋ, ಅದೇ ಹೋಗತ್ತೆ!" ಎಂದು ಮೇಲಿನಿಂದ ಮಾವ ಕೂಗಿದರು.

ಅವಳು ನೆಲಕ್ಕೆ ಕಾಲು ಅಪ್ಪಳಿಸಿದಳು. ಈ ಬಾಯಿಗೆ ಬರುವ ಮಾತು ಯಾವುದಾದರೂ ಇರಬೇಕಲ್ಲ! ಹುಡುಕಿದಳು. ಸಿಕ್ಕಿತು.

"ಅಕ್ಕನ ಗಂಡ!" ಎಂದಳು, ಒಂದೊಂದೇ ಅಕ್ಷರ. "ಅಕ್ಕನ. ಗಂಡ. ಹಲ್ಲಿನ ಡಾಕ್ಟರ್."

ಮುದುಕ ಕುರ್ಚಿಯಿಂದ ಇಳಿಯಲು ಯಾರದೋ ಕೈ ಕೇಳಿದ. ಕೌಂಟರಿನವನ ಕೈಯಿಂದ ಪೊರಕೆ ಜಾರಿತು.

"ಹಾಗಾದ್ರೆ ಮದುವೆ?"

ಅವಳು ತಲೆಯಾಡಿಸಿದಳು, ಇಲ್ಲ ಎಂದು.

"ಮತ್ತೆ ದಿನಾ ಆ ಮುಖ? ನನ್ನ ಕಾಫಿ ಕುಡಿದಾಗೆಲ್ಲ?"

"ಹಲ್ಲು."

"ಲವಂಗದ ವಾಸನೆ?"

"ಹಲ್ಲು."

ಅವನ ದನಿ ಸಣ್ಣಗಾಯಿತು. "ತಲೆ ಒಂದು ಕಡೆ ವಾಲಿಸಿ... ಒಂದು ಕಣ್ಣು ಮುಚ್ಚಿ ನನ್ನ ಕಡೆ ನೋಡ್ತಿದ್ರಲ್ಲ?"

ಅವಳಿಗೆ ಆ ಕೆಂಪು ಕಿವಿಗಳ ಅರ್ಥ ಈಗ ತಿಳಿಯಿತು. ನಗು ಬಂತು, ಅರ್ಧ ಮುಖ ಮಾತ್ರ ನಕ್ಕಿತು. "ಅದೂ ಹಲ್ಲು."

"ಓ." ಅವನು ಕಪ್ಪೊಂದನ್ನು ಎತ್ತಿ ಸುಮ್ಮನೆ ಅಲ್ಲೇ ಇಟ್ಟ. "ನಾನು ಏನೇನೋ ಅಂದ್ಕೊಂಡೆ. ನಿಮಗೆ ಇಷ್ಟ ಆಗೋದೊಂದು ಮಾಡಿ, ಆಮೇಲೆ ಹೇಳೋಣ ಅಂತ ಕಾಯ್ತಿದ್ದೆ. ಯಾವುದು ಮಾಡಿದ್ರೂ ಮುಖ ಹಾಗೇ ಆಗ್ತಿತ್ತು. ಎಲ್ಲ ಹಲ್ಲಿಗೇ ಆದ್ರೆ, ನನಗೆ ಅಂತ ಏನೂ ಇರಲಿಲ್ಲ."

ಅವಳು ಕೌಂಟರಿನ ಮೇಲಿದ್ದ ಅವನ ಕೈಯ ಮೇಲೆ ತನ್ನ ಕೈ ಇಟ್ಟಳು. "ಅಷ್ಟು ನೋವಿದ್ರೂ," ಎಂದಳು, "ದಿನಾ ಕಾಹಿ ಕುಡಿದೆ. ಯಾಕೆ?"

ಅವನು ಯೋಚಿಸಿದ. ಯೋಚಿಸುತ್ತ ಯೋಚಿಸುತ್ತ ಅವನ ಕಣ್ಣಿನ ಅಂಚಿನಲ್ಲಿ ಆ ಗೆರೆ ಮೂಡಿತು. ಮೂಡಿದ್ದು ಹಾಗೇ ಆರಿತು.

"ಹಡಗಿಗೆ ಬರ್ತೀನಿ ಅಂತ ಹೇಳಿಬಿಟ್ಟೆನಲ್ಲ. ಬೇಸಿಗೆವರೆಗೆ. ಈಗ ಬರಲ್ಲ ಅನ್ನಲಾ?"

ಕೊಟ್ಟ ಮಾತು ಮುರಿದು ಬಂದವನನ್ನು ಪಕ್ಕದಲ್ಲಿಟ್ಟುಕೊಂಡು ಅವಳಿಗೆ ಸುಖವಿರಲಿಲ್ಲ. ಬೇಸಿಗೆ ಏನು, ಬಂದೇ ಬರುತ್ತದೆ. ಇದನ್ನೆಲ್ಲ ಹೇಳಲು ಬಾಯಿರಲಿಲ್ಲ. ಹೇಳಬೇಕಾದದ್ದು ಎರಡೇ ಮಾತು, ಹೇಳಿದಳು. ಅಷ್ಟರಲ್ಲಿ ಮೆಷಿನ್ನಿನ ಹಬೆ ಸುಯ್ಯೆಂದಿತು, ಯಾರೋ "ನನ್ನ ಕಾಫಿ ಎಲ್ಲಿ ಸ್ವಾಮಿ?" ಎಂದು ಕೂಗಿದರು. ಸರಿಯಾಗಿ ಕೇಳಿಸಲೆಂದು ಅವಳು ಜೋರಾಗಿ ತಲೆಯಾಡಿಸಿ ಬೀದಿಯ ಕಡೆ ಕೈ ತೋರಿಸಿದಳು.

ಅವನು ಮೆಲ್ಲಗೆ ತನ್ನ ಕೈ ಹಿಂದಕ್ಕೆ ತೆಗೆದುಕೊಂಡ. "ಸರಿ," ಎಂದು ಗಿರಾಕಿಗಳ ಕಡೆ ತಿರುಗಿದ.

ಸಂತೋಷದಲ್ಲಿ ತೇಲುತ್ತ ಅವಳು ಮನೆಗೆ ಹೋಗಿ ಮಲಗಿದಳು. ಮರುದಿನ ಕೆನ್ನೆ ಬನ್ನಿನ ಹಾಗೆ ಊದಿತ್ತು. ಆ ಮುಖ ಹೊತ್ತು ಹೊರಗೆ ಹೋಗಲು ಅಕ್ಕ ಬಿಡಲಿಲ್ಲ. ಅವನಿಂದ ಫೋನು ಬರಲಿಲ್ಲ. ಇವಳು ಮಾಡಿದರೆ ಎತ್ತಲಿಲ್ಲ. ಕೈಗೆ ಸಿಕ್ಕಿದ್ದು ಜಾರುತ್ತಿದೆ ಅನ್ನಿಸಿತು, ಯಾಕೆಂದು ಮಾತ್ರ ಎಷ್ಟು ಯೋಚಿಸಿದರೂ ತಿಳಿಯಲಿಲ್ಲ. ಊತ ಇಳಿದ ಬೆಳಿಗ್ಗೆ, ಅಕ್ಕ ಏಳುವ ಮೊದಲೇ ಹೊರಟಳು.

ಅಂಗಡಿಯ ಶಟರು ಅರ್ಧ ಎತ್ತಿತ್ತು. ಮಾವ ಕೋಲೂರಿಕೊಂಡು ಕೆಳಗಿಳಿದು ಬಂದು ಒಳಗಿನ ಕುರ್ಚಿಯಲ್ಲಿ ಕುಳಿತಿದ್ದರು. ಅವನು ಹೊರಗೆ, ಮೆಟ್ಟಿಲ ಮೇಲೆ, ಕಾಲ ಬಳಿ ಚೀಲ ಇಟ್ಟುಕೊಂಡು ನಿಂತಿದ್ದ.

"ಎಲ್ಲಿಗೆ?"

"ಬಂದರಿಗೆ. ಬೇಗ ಬಂದ್ರೆ ಆಗತ್ತಾ ಅಂತ ನಾನೇ ಕೇಳ್ದೆ. ಬಸ್ಸು ಈಗ ಬರತ್ತೆ." ಅವಳ ಮುಖ ನೋಡದೆ ಹೇಳಿದ.

"ನನಗೆ ಒಂದು ಮಾತೂ ಹೇಳದೆ?"

"ಇನ್ನೇನು ಹೇಳೋದಿತ್ತು? ನೀವೇ ಹೇಳಿದ್ರಲ್ಲ, ಹೋಗಿ ಅಂತ."

"ನಾನಾ?"

"ಹೋಗಿ, ಅಂದ್ರಿ. ಮೆಷಿನ್ ಸದ್ದಿನಲ್ಲೂ ಕೇಳಿಸ್ತು. ಅದೂ ಎಷ್ಟು ಜೋರಾಗಿ ತಲೆ ಆಡಿಸಿ, ಬೀದಿ ಬೇರೆ ತೋರಿಸಿದ್ರಿ."

ಅವಳು ಬಾಯಿ ತೆರೆದು ನಿಂತಳು. ಆಮೇಲೆ ನಗುವೂ ಅಳುವೂ ಒಟ್ಟಿಗೆ ಬಂದು, ಯಾವುದನ್ನು ಮೊದಲು ಬಿಡಬೇಕೆಂದು ತಿಳಿಯದೆ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಅವನು ಗಾಬರಿಯಾಗಿ ಪಕ್ಕದಲ್ಲಿ ಕುಕ್ಕರಿಸಿದ. "ಏನಾಯ್ತು? ಮತ್ತೆ ಹಲ್ಲಾ?"

"ಹಲ್ಲಲ್ಲ!" ಅವಳು ಕಣ್ಣೊರೆಸಿಕೊಂಡು ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಕಡೆ ತಿರುಗಿಸಿದಳು. "ಇಲ್ಲಿ ನೋಡಿ. ನನ್ನ ತುಟಿ ನೋಡಿ. ಅವತ್ತು ಇವು ಸೇರ್ತಾ ಇರಲಿಲ್ಲ. ಅರ್ಧ ಮಾತು ಒಳಗೇ ಉಳ್ಕೊಂಡಿತು. ನಾನು ಅಂದದ್ದು," ಎಂದು ಉಸಿರೆಳೆದುಕೊಂಡು ಹೇಳಿದಳು, "ಹೋಗಿ ಬಾ."

ಬೀದಿಯಲ್ಲಿ ಹಾಲಿನ ವ್ಯಾನೊಂದು ಹಾದುಹೋಯಿತು. ಅವನು ಅವಳ ತುಟಿಗಳನ್ನೇ ನೋಡುತ್ತಿದ್ದ.

"ಇನ್ನೊಂದು ಸಲ ಹೇಳಿ. ಸರಿಯಾಗಿ ಕೇಳಿಸಲಿಲ್ಲ."

"ಕೇಳಿಸ್ತು."

"ಮೆಷಿನ್ ಸದ್ದು."

"ಮೆಷಿನ್ ಇನ್ನೂ ಹಚ್ಚೇ ಇಲ್ಲ."

"ಆದ್ರೂ ಹೇಳು," ಎಂದ ಅವನು, ಮೊದಲ ಸಲ ಅವಳಿಗೆ 'ನೀನು' ಎನ್ನುತ್ತ. ಆ ಗೆರೆ ಮೂಡಿತು. ಈ ಸಲ ಅದರ ಹಿಂದೆ ನಗುವೂ ಬಂತು.

"ಹೋಗಿ ಬಾ. ನಾನು ಇಲ್ಲೇ ಇರ್ತೀನಿ. ನೀನಂದ್ರೆ ನನಗೆ ಇಷ್ಟ. ಇದರಲ್ಲಿ ಇನ್ನೇನಾದ್ರೂ ಗೊಂದಲ ಇದ್ರೆ ಈಗಲೇ ಕೇಳು, ಬಸ್ಸು ಬರ್ತಿದೆ."

"ಒಂದಿದೆ," ಎಂದ. ಅವಳ ಕೆನ್ನೆಯನ್ನು, ನೋವಿಲ್ಲದ ಕಡೆಯದನ್ನು, ಬೆರಳ ಬೆನ್ನಿನಿಂದ ಮುಟ್ಟಿ ಕೇಳಿದ. "ಈ ಕಡೇದು ತಾನೆ ನೋಯದೇ ಇರೋದು?"

"ಹೂಂ."

ಅವನು ಅಲ್ಲಿ ಮುತ್ತಿಟ್ಟ. ಒಳಗೆ ಮಾವ ಜೋರಾಗಿ ಕೆಮ್ಮಿದರು.

ಬಸ್ಸು ಬಂದು ನಿಂತಿತು. ಅವನು ಚೀಲ ಹೆಗಲಿಗೇರಿಸಿ, ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ತಿರುಗಿ, "ಬರ್ತೀನಿ," ಎಂದ. ಅವಳು ಕೈಯೆತ್ತಿದಳು. ಕಿಟಕಿಯ ಗಾಜಿಗೆ ಮಂಜು ಕಟ್ಟಿತ್ತು. ಅವನು ಅದನ್ನು ಅಂಗೈಯಿಂದ ಒರೆಸಿ ಒರೆಸಿ ನೋಡುತ್ತಲೇ ಇದ್ದ. ಬಸ್ಸು ತಿರುವು ದಾಟುವವರೆಗೂ ಅವಳು ನಿಂತಿದ್ದಳು.

ಅಂಗಡಿಯೊಳಗಿನಿಂದ ಮಾವನ ದನಿ ಕೇಳಿತು. "ಅಮ್ಮಾ, ಪೇಪರಿನವರೇ! ಇವನು ಈ ಮೆಷಿನ್ನಿಗೆ ಅದೇನೇನು ಮಾಡಿಟ್ಟಿದ್ದಾನೋ, ಹತ್ತೋದೇ ಇಲ್ಲ. ನಿಮಗೇನಾದ್ರೂ ಗೊತ್ತಾ?"

"ಗೊತ್ತಿಲ್ಲ ಮಾವ," ಎಂದಳು ಅವಳು. "ಇರಿ, ನೋಡೋಣ." ಶಟರಿನಡಿ ಬಗ್ಗಿ ಒಳಗೆ ಹೋದಳು.